ಕಾಸಿಮೇಡಿನ ಹದ್ದುಗಳೂ ನಮ್ಮ ಮೊದಲ ಕ್ಯಾಮೆರಾವೂ

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವನ್ಯಜೀವಿಗಳ ಚಿತ್ರ ತೆಗೆಯಲೆಂದು ಮೊದಲ ಬಾರಿಗೆ ಡಿಜಿಟಲ್ ಕ್ಯಾಮೆರಾ ಕೊಳ್ಳುವವರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡರು. ಇಂಥ ವಿಷಯಕ್ಕೆ ಒಂದು ಕನ್ನಡ ಸಂಘದ ವೇದಿಕೆ ಏಕೆ ಬೇಕು ಎಂದು ಕೆಲವು ಹಿರಿಯರು ಪ್ರಶ್ನಿಸಿದ್ದನ್ನೂ ಕೇಳಿದೆ. ಪ್ರಶ್ನೆ ನ್ಯಾಯವಾದದ್ದೇ. ಕ್ಯಾಮೆರಾದ ಗುಂಡಿಗಳನ್ನು ವಿವರಿಸುವ ಪುಸ್ತಿಕೆ ಅದರ ಪೆಟ್ಟಿಗೆಯೊಳಗೇ ಇರುತ್ತದೆ. ಆದರೆ ಆ ಕ್ಯಾಮೆರಾವನ್ನು ಯಾವ ದಿಕ್ಕಿಗೆ ತಿರುಗಿಸಬೇಕು ಎಂಬುದನ್ನು ಯಾವ ಪುಸ್ತಿಕೆಯೂ ಹೇಳುವುದಿಲ್ಲ. ಹುಟ್ಟಿದ ನಾಡು ಒಂದು, ಅನ್ನ ಕೊಟ್ಟ ನಾಡು ಇನ್ನೊಂದು ಎಂಬ ಸ್ಥಿತಿಯಲ್ಲಿ ಬದುಕುವ ನಮ್ಮಂಥವರಿಗೆ ಈ ಪ್ರಶ್ನೆ ಕೇವಲ ಹವ್ಯಾಸದ ಪ್ರಶ್ನೆಯಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಆಗುವುದೇನು? ಕ್ಯಾಮೆರಾ ಮನೆಗೆ ಬಂದೊಡನೆ ನಾವು ರಜೆಗಾಗಿ ಕಾಯತೊಡಗುತ್ತೇವೆ. ನಾಗರಹೊಳೆ, ಬಂಡೀಪುರ, ಕಬಿನಿಯ ಹಿನ್ನೀರು ಎಂದು ಕನಸು ಕಾಣುತ್ತೇವೆ. ವರ್ಷಕ್ಕೆ ನಾಲ್ಕು ದಿನ ಜೀಪಿನಲ್ಲಿ ಕುಳಿತು ಹುಲಿಯ ದಾರಿ ಕಾಯುತ್ತೇವೆ. ಉಳಿದ ದಿನಗಳಲ್ಲಿ ಕ್ಯಾಮೆರಾ ಬೀರುವಿನೊಳಗೆ ಸೇರಿ, ಚೆನ್ನೈನ ತೇವಕ್ಕೆ ಲೆನ್ಸಿನಲ್ಲಿ ಬೂಷ್ಟು ಬೆಳೆಯುತ್ತದೆ. ನಾಲ್ಕು ದಿನದ ಅಭ್ಯಾಸದಿಂದ ವೀಣೆ ಬಾರದು, ಕ್ಯಾಮೆರಾವೂ ಬಾರದು. ಮೊದಲ ಕ್ಯಾಮೆರಾಕ್ಕೆ ತಕ್ಕ ಕಾಡು ಯಾವುದೆಂದರೆ, ನಗರದ ಬಸ್ಸು ಹತ್ತಿ ವಾರವಾರವೂ ಹೋಗಿ ಬರಬಹುದಾದ ಸ್ಥಳ. ಹಲವು ವರ್ಷಗಳಿಂದ ನನ್ನ ಮಟ್ಟಿಗೆ ಅಂಥ ಸ್ಥಳ ರಾಯಪುರಂ ಪಕ್ಕದ ಕಾಸಿಮೇಡು ಮೀನುಗಾರಿಕಾ ಬಂದರು.

ಕಾಸಿಮೇಡು ಎಂದೊಡನೆ ಮೂಗು ಮುಚ್ಚುವವರಿದ್ದಾರೆ. ಮಲ್ಪೆಯನ್ನೋ ಗಂಗೊಳ್ಳಿಯನ್ನೋ ಕಂಡ ಕರಾವಳಿಯ ಬಂಧುಗಳಿಗೆ ಮಾತ್ರ ಆ ವಾಸನೆ ಊರಿನ ನೆನಪು ತಂದೀತು. ಬೆಳಗಿನ ಜಾವಕ್ಕೇ ದೋಣಿಗಳು ಬಂದು ನಿಂತು, ಮಂಜುಗಡ್ಡೆಯ ಸದ್ದಿನ ನಡುವೆ ಹರಾಜು ನಡೆಯುತ್ತಿರುವಾಗ, ಆಕಾಶದಲ್ಲಿ ಇನ್ನೊಂದು ಸಂತೆ ನೆರೆದಿರುತ್ತದೆ. ಕಂದು ಮೈಯ, ಬಿಳಿ ತಲೆಯ ಗರುಡಗಳು. ಸೀಳಿದಂಥ ಬಾಲದ ಹದ್ದುಗಳು. ಹಗ್ಗದ ಮೇಲೆ ಕುಳಿತು ನೀರನ್ನೇ ದಿಟ್ಟಿಸುವ ಬೆಳ್ಳಕ್ಕಿಗಳು. ಚಳಿಗಾಲದಲ್ಲಿ ಕಂದುತಲೆಯ ಕಡಲಕ್ಕಿಗಳು ಬರುತ್ತವೆ. ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಬರುವ ಇವು ಇಲ್ಲಿರುವ ತಿಂಗಳುಗಳಲ್ಲಿ ತಲೆಯ ಕಂದು ಬಣ್ಣವನ್ನು ಕಳೆದುಕೊಂಡು, ಕಿವಿಯ ಹಿಂದೆ ಒಂದು ಚುಕ್ಕೆಯನ್ನಷ್ಟೇ ಉಳಿಸಿಕೊಂಡಿರುತ್ತವೆ. ಮಾರ್ಚಿನ ಹೊತ್ತಿಗೆ ಆ ಬಣ್ಣ ಮರಳತೊಡಗುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವನಿಗಷ್ಟೇ ಕಾಣುವ ಸಂಗತಿಗಳಿವು.

ಹತ್ತಿರದ ಸಾಮಾನ್ಯ ಪ್ರಾಣಿಗಳನ್ನು ಹೀಗೆ ನೋಡುವುದಕ್ಕೆ ಇದೇ ನಗರದಲ್ಲಿ ದೊಡ್ಡ ಪರಂಪರೆಯುಂಟು. ಮೈಲಾಪುರದಲ್ಲಿ ನೆಲೆಸಿದ್ದ ಎಂ. ಕೃಷ್ಣನ್ ಅವರು (1912–1996) 1950ರಿಂದ ತಾವು ತೀರಿಕೊಳ್ಳುವವರೆಗೂ ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಗೆ ನಿಸರ್ಗದ ಅಂಕಣ ಬರೆದವರು. ಆನೆ, ಕಾಟಿಗಳಿಗೆ ಕೊಟ್ಟಷ್ಟೇ ಗೌರವವನ್ನು ಅವರು ಕಾಗೆ, ಅಳಿಲುಗಳಿಗೂ ಕೊಟ್ಟರು. ಹಲವು ಭಾಗಗಳನ್ನು ತಾವೇ ಜೋಡಿಸಿ ಮಾಡಿಕೊಂಡ ಭಾರವಾದ ಕ್ಯಾಮೆರಾಕ್ಕೆ ವಿನೋದವಾಗಿ 'ಸೂಪರ್ ಪಾಂಡರೋಸಾ' ಎಂದು ಹೆಸರಿಟ್ಟಿದ್ದರು. ನಾವು ಹೆಮ್ಮೆ ಪಡಬೇಕಾದ ಸಂಗತಿಯೆಂದರೆ, ಈ ತಮಿಳು ನಿಸರ್ಗತಜ್ಞರು 1942ರಿಂದ 1949ರವರೆಗೆ ನಮ್ಮ ಸಂಡೂರಿನಲ್ಲಿ, ಆ ಸಂಸ್ಥಾನದ ಸೇವೆಯಲ್ಲಿದ್ದರು. ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆಯವರು ಮುಂದೆ ಕರ್ನಾಟಕದ ಮಂತ್ರಿಯೂ ಆದರು, ನಾಡಿನ ಶ್ರೇಷ್ಠ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರೂ ಆದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ, ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಹೀಗೆ ಹೆಸರುಗಳು ಬೆಳೆಯುತ್ತವೆ. ಈ ವಿದ್ಯೆ ಬೆಳೆಯುವಾಗ ರಾಜ್ಯದ ಗಡಿಗಳು ಅಡ್ಡಬರಲಿಲ್ಲ.

ಅಡ್ಡಬಂದದ್ದು ಹಣ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಹಾರುವ ಹಕ್ಕಿಯ ಒಂದು ಒಳ್ಳೆಯ ಚಿತ್ರಕ್ಕಾಗಿ ಮೂರು ಸುರುಳಿ ಕಳೆಯುವುದು ಸಂಬಳದಾರನ ಶಕ್ತಿಗೆ ಮೀರಿದ್ದಾಗಿತ್ತು. ತಪ್ಪು ಏನೆಂದು ತಿಳಿಯುವುದಕ್ಕೆ ಫಿಲ್ಮು ತೊಳೆದು ಬರುವವರೆಗೆ ಕಾಯಬೇಕಿತ್ತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಇದ್ದದ್ದು ಕೇವಲ 10,000 ಬಿಂದುಗಳು. ಅದನ್ನು ಕ್ಯಾಸೆಟ್ಟಿಗೆ ದಾಖಲಿಸಲು 23 ಸೆಕೆಂಡು ಹಿಡಿಯುತ್ತಿತ್ತು. 1999ರ ನಿಕಾನ್ ಡಿ1ರಲ್ಲಿ ಆ ಸಂಖ್ಯೆ ಸುಮಾರು 27 ಲಕ್ಷಕ್ಕೆ ಏರಿತ್ತು. ಇಂದಿನ ಸಾಧಾರಣ ಕ್ಯಾಮೆರಾದಲ್ಲಿ ಅದು ಎರಡು ಕೋಟಿಯನ್ನು ದಾಟಿದೆ. ಆದರೆ ಕಲಿಯುವವನಿಗೆ ಬಿಂದುಗಳ ಸಂಖ್ಯೆಗಿಂತ ದೊಡ್ಡ ಲಾಭ ಬೇರೊಂದಿದೆ: ಚಿತ್ರ ಕೆಟ್ಟರೆ ಖರ್ಚಿಲ್ಲ, ಕೆಟ್ಟದ್ದು ಏಕೆಂದು ಆ ಕ್ಷಣವೇ ತಿಳಿಯುತ್ತದೆ. ಅರಸರ, ತೋಟದ ಮಾಲೀಕರ ಹವ್ಯಾಸವಾಗಿದ್ದ ಒಂದು ವಿದ್ಯೆ ಗುಮಾಸ್ತನ ಕೈಗೂ ಎಟುಕಿದ್ದು ಹೀಗೆ.

ಹಾಗಾದರೆ ಯಾವ ಕ್ಯಾಮೆರಾ ಕೊಳ್ಳಬೇಕು? ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಕಂಪನಿಗಳು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ವಾಲಿವೆ. ಅದರಿಂದ ಹಳೆಯ ಡಿ.ಎಸ್.ಎಲ್.ಆರ್. ಕ್ಯಾಮೆರಾಗಳು ಎರಡನೆಯ ಕೈಯಲ್ಲಿ ಧಾರಾಳವಾಗಿ ಸಿಗುತ್ತವೆ. ಅಂಥದೊಂದು ಕ್ಯಾಮೆರಾ, ಜೊತೆಗೆ 70ರಿಂದ 300 ಮಿಲಿಮೀಟರಿನ ಒಂದು ಲೆನ್ಸು ಇದ್ದರೆ ಕಾಸಿಮೇಡಿಗೆ ಬೇಕಾದಷ್ಟಾಯಿತು. ಅಲ್ಲಿ ಹಕ್ಕಿಗಳು ಮನುಷ್ಯರಿಗೆ ಹೊಂದಿಕೊಂಡಿರುವುದರಿಂದ ಮಾರುದ್ದದ ಲೆನ್ಸು ಬೇಕಾಗುವುದಿಲ್ಲ. ಲೆನ್ಸು ಕಳಚಲಾಗದ, ಆದರೆ ಬಹು ದೂರದವರೆಗೆ ಎಳೆದು ನೋಡಬಲ್ಲ ಬ್ರಿಡ್ಜ್ ಕ್ಯಾಮೆರಾಗಳೂ ಉಂಟು. ಅವು ಹಗುರ, ಆದರೆ ಒಳಗಿನ ಸೆನ್ಸರು ಚಿಕ್ಕದಾದ್ದರಿಂದ ಮಬ್ಬು ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಹಣ ಕಡಿಮೆಯಿದ್ದರೆ ಕ್ಯಾಮೆರಾದಲ್ಲಿ ಉಳಿಸಿ ಲೆನ್ಸಿಗೆ ಹಾಕುವುದು ಜಾಣತನ.

ಇನ್ನು ಬೆಳಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದ ಏಳುತ್ತಾನೆ. ಆದ್ದರಿಂದ ಬೆಳಿಗ್ಗೆ ಕಡಲಿನತ್ತ ಮುಖ ಮಾಡಿ ತೆಗೆದರೆ ಹಕ್ಕಿ ಕಪ್ಪು ನೆರಳಾಗಿ ಮೂಡುತ್ತದೆ. ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು, ದೋಣಿಗಳತ್ತ ತಿರುಗಿ ನಿಂತರೆ ಗರುಡನ ಕಂದು ಬಣ್ಣ ತಾಮ್ರದಂತೆ ಹೊಳೆಯುತ್ತದೆ. ಎರಡನೆಯದು ಗಾಳಿ. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ನಿಮ್ಮ ಬೆನ್ನಿಗೆ ಬಡಿಯುತ್ತಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆಗಿರುತ್ತದೆ. ಚಳಿಗಾಲದಲ್ಲಿ ಬಡಗಣದಿಂದ ಬೀಸುವ ಗಾಳಿಗೆ ಇಲ್ಲಿನವರು ವಾಡೈ ಎನ್ನುತ್ತಾರೆ. ಇಂದು ಯಾವ ಗಾಳಿ ಎಂದು ಬಲೆ ಹೆಣೆಯುತ್ತ ಕುಳಿತ ಹಿರಿಯರನ್ನು ಕೇಳಿದರೆ, ಹಕ್ಕಿ ಯಾವ ಕಡೆಯಿಂದ ಬರುತ್ತದೆಂಬುದು ತಾನಾಗಿ ತಿಳಿಯುತ್ತದೆ.

ಮೂರನೆಯದು ಬಿಳಿಯ ಬಣ್ಣ. ಕ್ಯಾಮೆರಾ ತನ್ನೆದುರಿನ ಲೋಕವನ್ನೆಲ್ಲ ಮಧ್ಯಮ ಬೂದು ಬಣ್ಣದ್ದೆಂದು ಭಾವಿಸಿ ಬೆಳಕನ್ನು ಅಳೆಯುತ್ತದೆ. ಹೊಳೆಯುವ ಆಕಾಶದಲ್ಲಿ ಕಡಲಕ್ಕಿ ಹಾರುವಾಗ ಅದು ಬೆಳಕನ್ನು ಕಡಿಮೆ ಮಾಡಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಆಗ ನಾವು ಒಂದು ಮಟ್ಟ ಹೆಚ್ಚಿಸಬೇಕು. ದೋಣಿಯ ಕಪ್ಪು ಪಕ್ಕೆಯ ಮುಂದೆ ಬೆಳ್ಳಕ್ಕಿ ನಿಂತಾಗ ಅದು ಬೆಳಕನ್ನು ಹೆಚ್ಚು ಬಿಟ್ಟು ಗರಿಗಳ ಎಳೆಯನ್ನೆಲ್ಲ ಅಳಿಸಿಹಾಕುತ್ತದೆ. ಆಗ ಒಂದು ಮಟ್ಟ ತಗ್ಗಿಸಬೇಕು. ಈ ಒಂದು ಗುಂಡಿಯ ಮರ್ಮ ತಿಳಿದವನಿಗೆ ಅರ್ಧ ವಿದ್ಯೆ ಬಂದಂತೆ. ಮೊದಲ ತಿಂಗಳು ಕುಳಿತ ಬೆಳ್ಳಕ್ಕಿಯ ಕಣ್ಣಿಗೆ ಫೋಕಸ್ ಮಾಡುವುದನ್ನು ಕಲಿಯಿರಿ. ಇಂಥ ಲೆನ್ಸಿಗೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗದ ವೇಗ ಸಾಕು. ಅನಂತರ ಒಂದೇ ವೃತ್ತದಲ್ಲಿ ಸುತ್ತುವ ಹದ್ದನ್ನು ಹಿಂಬಾಲಿಸಿ. ಅದಕ್ಕೆ ಸಾವಿರದ ಐನೂರರಲ್ಲಿ ಒಂದು ಭಾಗವಾದರೂ ಬೇಕು. ನೀರಿಗೆ ಎರಗುವ ಗರುಡನನ್ನು ಹಿಡಿಯುವುದು ಆಮೇಲಿನ ಮಾತು.

ಉಪ್ಪು ಗಾಳಿ ಕ್ಯಾಮೆರಾದ ಶತ್ರು. ಧಕ್ಕೆಯ ಮೇಲೆ ಲೆನ್ಸು ಕಳಚಬೇಡಿ. ಮನೆಗೆ ಬಂದೊಡನೆ ತುಸು ಒದ್ದೆಯಾದ ಮೆತ್ತನೆಯ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ. ಎ.ಸಿ. ಕೋಣೆಯಿಂದ ಹೊರಗೆ ತಂದ ಕ್ಯಾಮೆರಾವನ್ನು ತಕ್ಷಣ ಚೀಲದಿಂದ ತೆಗೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಇಬ್ಬನಿ ಕಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹೊಸ ಕ್ಯಾಮೆರಾದಲ್ಲಿ ಮೊಟ್ಟಮೊದಲು ಮಾಡಬೇಕಾದ ಕೆಲಸವೊಂದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಅದರ ಗಡಿಯಾರವನ್ನು ಸರಿಪಡಿಸಿ. ಡಿಜಿಟಲ್ ಚಿತ್ರದ ಒಡಲಿನಲ್ಲಿ ಅದನ್ನು ತೆಗೆದ ದಿನ, ಗಂಟೆ, ನಿಮಿಷಗಳು ತಾವಾಗಿ ದಾಖಲಾಗುತ್ತವೆ. ಸ್ಥಳದ ಹೆಸರನ್ನು ನೀವು ಬರೆದಿಟ್ಟರೆ, ಆ ಚಿತ್ರ ಬರಿಯ ಅಂದದ ವಸ್ತುವಾಗಿ ಉಳಿಯದೆ ಸಾಕ್ಷಿಯಾಗುತ್ತದೆ. ವಡಚೆನ್ನೈಗೆ, ಅಂದರೆ ನಗರದ ಹೊಗೆ, ಬೂದಿ, ಕೊಳೆಗಳನ್ನೆಲ್ಲ ತನ್ನ ಪಾಲಿಗೆ ಪಡೆದ ಈ ಉತ್ತರ ಭಾಗಕ್ಕೆ, ಸಾಕ್ಷಿಗಳ ಅಗತ್ಯ ಬಹಳ ಇದೆ.

2017ರ ಜನವರಿ 28ರಂದು ಎಣ್ಣೂರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದು ಕಡಲಿಗೆ ತೈಲ ಚೆಲ್ಲಿತು. ದಂಡೆಯ ಕಪ್ಪು ರಾಡಿಯನ್ನು ಜನ ಬಕೆಟ್ಟುಗಳಲ್ಲಿ ಎತ್ತಿ ಹಾಕಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯೊಡನೆ ಎಣ್ಣೂರಿನ ಅಳಿವೆಗೆ ಮತ್ತೆ ತೈಲ ಹರಿಯಿತು; ಹೆಜ್ಜಾರ್ಲೆಗಳ ಗರಿಗಳಿಗೆ ಕಪ್ಪು ಮೆತ್ತಿತು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ, ಊರವರು ಮಕ್ಕಳಂತೆ ಕಾಪಾಡುವ ಹೆಜ್ಜಾರ್ಲೆಯ ಜಾತಿಯೇ ಇದು. ಲೋಕದ ಗಮನ ಆ ಕಡೆ ಹರಿಯುವುದರಲ್ಲಿ ಎಣ್ಣೆ ಮೆತ್ತಿದ ಹಕ್ಕಿಗಳ ಚಿತ್ರಗಳ ಪಾತ್ರ ಸಣ್ಣದಲ್ಲ.

2025ರ ಜನವರಿಯಲ್ಲಿ ಚೆನ್ನೈ ಮತ್ತು ಸುತ್ತಲಿನ ಕರಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲೆ ಕಡಲಾಮೆಗಳು ಸತ್ತು ದಡಕ್ಕೆ ಬಿದ್ದವೆಂದು ವರದಿಯಾಯಿತು. ಕಡಲಾಮೆ ನೀರಿನಲ್ಲಿ ಬದುಕಿದರೂ ಉಸಿರಿಗಾಗಿ ಮೇಲೆ ಬರಲೇಬೇಕು. ಟ್ರಾಲ್ ಬಲೆಯೊಳಗೆ ಸಿಲುಕಿ ಮೇಲೆ ಬರಲಾರದೆ ಹೋದರೆ ಮುಳುಗಿ ಸಾಯುತ್ತದೆ. ಬಲೆಯಲ್ಲಿ ಆಮೆ ಪಾರಾಗುವ ಕಿಂಡಿಯ ಸಾಧನವಿದೆ, ದಡದ ಹತ್ತಿರ ಯಾಂತ್ರೀಕೃತ ದೋಣಿಗಳು ಬಲೆ ಎಳೆಯಬಾರದೆಂಬ ನಿಯಮವಿದೆ. ಆದರೆ ಆ ಕಿಂಡಿಯಿಂದ ಮೀನೂ ಹೋದೀತೆಂಬ ಭಯ ದುಡಿಯುವವನಿಗಿದೆ. ಸತ್ತ ಆಮೆಯ ಚಿತ್ರ ತೆಗೆದು, ಮೀನುಗಾರರೆಲ್ಲ ಕ್ರೂರಿಗಳೆಂದು ಬರೆದು ಹಂಚುವುದು ಸುಲಭ. ದಿನ, ಸ್ಥಳ, ಮೈಮೇಲಿನ ಗುರುತುಗಳನ್ನು ಸರಿಯಾಗಿ ದಾಖಲಿಸಿ ಅರಣ್ಯ ಇಲಾಖೆಗೋ, 1988ರಿಂದ ರಾತ್ರಿ ದಂಡೆಯಲ್ಲಿ ನಡೆದು ಮೊಟ್ಟೆಗಳನ್ನು ಕಾಯುತ್ತ ಬಂದಿರುವ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲಕ್ಕೋ ತಲುಪಿಸುವುದು ಕಷ್ಟ. ನಾವು ಕಷ್ಟದ್ದನ್ನೇ ಆರಿಸಿಕೊಳ್ಳಬೇಕು. ಹೊನ್ನಾವರದ ಕಾಸರಕೋಡಿನ ದಂಡೆಯಲ್ಲಿ ಮೊಟ್ಟೆಯಿಡಲು ಬರುವುದೂ ಇದೇ ಜಾತಿಯ ಆಮೆ.

ಹೀಗಾಗಿ ಕೆಲವು ಮರ್ಯಾದೆಗಳು ಅನಿವಾರ್ಯ. ಮೊಟ್ಟೆಯಿಡುವ ಆಮೆಯ ಮೇಲೆ ಫ್ಲ್ಯಾಷ್ ಹಾಕಬಾರದು. ಬೆಳಕಿಗೆ ಅದು ದಿಕ್ಕು ತಪ್ಪುತ್ತದೆ. ಗೂಡಿನ ಹತ್ತಿರ ಹೋಗಬಾರದು. ಹದ್ದು ಎರಗಲೆಂದು ಮೀನು ಎಸೆಯಬಾರದು. ಕಾಸಿಮೇಡು ನಮ್ಮ ಪ್ರದರ್ಶನಾಲಯವಲ್ಲ, ಸಾವಿರಾರು ಜನರ ದುಡಿಮೆಯ ನೆಲ. ಬುಟ್ಟಿ ಹೊತ್ತವರಿಗೆ ದಾರಿ ಮೊದಲು, ಕ್ಯಾಮೆರಾ ಆಮೇಲೆ. ಕಾವಲುಗಾರರು ಬೇಡವೆಂದ ಕಡೆ ಕ್ಯಾಮೆರಾ ಎತ್ತಬಾರದು. ಮೀನು ಮಾರುವ ಹೆಂಗಸರ ಚಿತ್ರ ಬೇಕಾದರೆ, "ಅಕ್ಕಾ, ಒರು ಪಡಂ ಎಡುಕ್ಕಲಾಮಾ?" ಎಂದು ಕೇಳಿ. ಬೇಡವೆಂದರೆ ಕೈಮುಗಿದು ಮುಂದೆ ನಡೆಯಿರಿ.

ಹಾಗೆ ಕೇಳುತ್ತ ಹೋದಾಗ ಇನ್ನೊಂದು ಸಂಪತ್ತು ದೊರೆಯುತ್ತದೆ. ನಮ್ಮ ಆಮೆ ಅವರಿಗೆ ಆಮೈ. ನಮ್ಮ ಹದ್ದು ಹಳಗನ್ನಡದಲ್ಲಿ ಪರ್ದು. ಅವರಿಗೆ ಇಂದಿಗೂ ಪರುಂದು. ಅವರು ಪಡಂ ಎಂದದ್ದು ನಮ್ಮ ಗೋಡೆಯ ಪಟ. ಭಾಷೆಗಳ ಹೆಸರಿನಲ್ಲಿ ಜಗಳ ಹಚ್ಚುವವರು ಎರಡೂ ಕಡೆ ಇರುವ ಕಾಲದಲ್ಲಿ, ತಲೆಯ ಮೇಲೆ ಹಾರುವ ಹಕ್ಕಿಯ ಹೆಸರೇ ನಮ್ಮ ಬಾಂಧವ್ಯಕ್ಕೆ ಪುರಾವೆಯಾಗಿದೆ.

ಬಂಡೀಪುರಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ನಮ್ಮ ತವರು. ಆದರೆ ತವರಿಗೆ ಹೋಗುವವಳು ತಾನು ಬಾಳುವ ಮನೆಯ ಅಂಗಳವನ್ನೂ ಗುಡಿಸುತ್ತಾಳೆ. ಮುಂಬಯಿಯಲ್ಲಿರುವವರಿಗೆ ಶಿವಡಿಯ ಕೆಸರು ದಂಡೆಯ ರಾಜಹಂಸಗಳಿವೆ, ದೆಹಲಿಯವರಿಗೆ ಓಖ್ಲಾದ ಯಮುನೆಯಿದೆ, ಹೈದರಾಬಾದಿನವರಿಗೆ ಬಂಡೆಗಳ ನಡುವಿನ ಕೆರೆಗಳಿವೆ. ಒಂದು ಸ್ಥಳವನ್ನು ಆರಿಸಿಕೊಂಡು, ಒಂದು ವರ್ಷ ವಾರವಾರವೂ ಹೋಗಿ, ದಿನಾಂಕದೊಡನೆ ದಾಖಲಿಸಿ. ಇಷ್ಟು ಮಾಡಿದವರನ್ನು ಆ ಊರು ಮತ್ತೆ ಹೊರಗಿನವರೆಂದು ಕರೆಯಲಾರದು. ಮುಂದಿನ ಚಳಿಗಾಲದಲ್ಲಿ ಕಡಲಕ್ಕಿಗಳು ಬಂದಾಗ ಕಾಸಿಮೇಡಿಗೆ ಒಡನೆ ಬರುವ ಮನಸ್ಸಿರುವವರು ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕೆಂದು ವಿನಂತಿಸುತ್ತೇನೆ.