ಗುಳಿಗೆ ಕಸಿದದ್ದು, ಗುಳಿಗೆ ಕೊಟ್ಟದ್ದು

ನಮ್ಮ ಜುಗೂಳದ ಕಡೆ ಯಾರಿಗಾದರೂ ದೊಡ್ಡ ಬೇನೆ ಅಂದರೆ ಬಾಯಿಗೆ ಬರುವ ಮೊದಲ ಹೆಸರು ಮಿರಜ. ಕೆನಡಾದಿಂದ ಬಂದ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದರು. ಮುಂದೆ ವಾನ್ಲೆಸ್‌ವಾಡಿಯಲ್ಲಿ ಕ್ಷಯದವರಿಗೆಂದೇ ಬೇರೆ ಆಸ್ಪತ್ರೆ ಆಯಿತು. ನಮ್ಮ ಸಣ್ಣಜ್ಜ ಅಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರು. ಅವರ ಕತೆಯಲ್ಲಿ ಔಷಧದ ಮಾತೇ ಇರಲಿಲ್ಲ. ಬರೀ ಗಾಳಿ, ಬಿಸಿಲು, ಹಾಲು, ಮತ್ತೆ ಚಮಚದ ತುಂಬ ಮೀನೆಣ್ಣೆ! ಲಿಂಗ ಕಟ್ಟಿದ ಹುಡುಗ ಮೀನೆಣ್ಣೆ ಕುಡಿದ ಸುದ್ದಿ ಹೊಸ್ತಿಲು ದಾಟಬಾರದು ಅಂತ ಮುತ್ತಜ್ಜಿ ಆಣೆ ಹಾಕಿಸಿದ್ದಳಂತೆ. ನಾನೀಗ ರೇಡಿಯೋದಲ್ಲೇ ಹೇಳಿಬಿಟ್ಟೆ, ನೋಡ್ರಿ.

ಆ ಎಣ್ಣೆಯನ್ನು ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯವರು 1840ರ ದಶಕದಲ್ಲೇ ಕ್ಷಯದವರಿಗೆ ಕುಡಿಸುತ್ತಿದ್ದರು. ಅದರಲ್ಲಿ ಎ ಮತ್ತು ಡಿ ಜೀವಸತ್ವ ಇದೆ ಅಂತ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ.

1952ರಲ್ಲಿ ಐಸೋನಿಯಾಜಿಡ್ ಅನ್ನುವ ಕ್ಷಯದ ಗುಳಿಗೆ ಬಂತು. ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದವರು ಎದ್ದು ಕುಣಿದರು, ಊಟಕ್ಕೆ ಮುಗಿಬಿದ್ದರು. ಆದರೆ ಸ್ವಲ್ಪ ದಿನಕ್ಕೆ ಕೆಲವರ ಪಾದ ಜೋಮು ಹಿಡಿಯತೊಡಗಿತು, ಅಂಗಾಲು ಉರಿ, ಇರುವೆ ಹರಿದಾಡಿದ ಹಾಗೆ. ಕ್ಷಯದ ಕ್ರಿಮಿ ಕೊಲ್ಲುವ ಗುಳಿಗೆಯೇ ಮೈಯೊಳಗಿನ ಬಿ6 ಜೀವಸತ್ವವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತಿತ್ತು! ಮೊದಲೇ ಹಸಿದು ಸೊರಗಿದವರಿಗೆ, ಬಸುರಿಯರಿಗೆ, ಸಕ್ಕರೆ ಬೇನೆಯವರಿಗೆ, ಕುಡಿಯುವವರಿಗೆ ಕಾಟ ಹೆಚ್ಚು. ಪರಿಹಾರ ಎಷ್ಟು ಸಣ್ಣದು ಅಂದರೆ, ದಿನಕ್ಕೆ 10 ಮಿಲಿಗ್ರಾಂ ಬಿ6. ಸತು, ಎ, ಡಿ ಅಂತ ಆಮೇಲೆ ಏನೇನೋ ಕೊಟ್ಟು ನೋಡಿದರು, ಯಾವುದೂ ಇದರಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ನನ್ನ ಹೊಟ್ಟೆ ಉರಿಯುವುದು ಮದ್ರಾಸಿನ ಕತೆಗೆ. 1956ರಲ್ಲಿ ಅಲ್ಲಿ ಒಂದು ಪರೀಕ್ಷೆ ಶುರುವಾಯಿತು. ಕ್ಷಯದವರಲ್ಲಿ ಅರ್ಧ ಜನ ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯದ ಆಸ್ಪತ್ರೆಯಲ್ಲಿ, ಉಳಿದವರು ತಮ್ಮ ತಮ್ಮ ಗುಡಿಸಲಲ್ಲಿ. ಗುಳಿಗೆ ಮಾತ್ರ ಇಬ್ಬರಿಗೂ ಒಂದೇ. ಸ್ಯಾನಟೋರಿಯಂನವರು ಚೆನ್ನಾಗಿ ಉಂಡರು, ತೂಕವೂ ಹೆಚ್ಚಾಯಿತು. ಆದರೆ ಗುಣವಾಗಿದ್ದು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಮನೆಯಲ್ಲೇ ಔಷಧ ಕೊಡಬಹುದು ಅಂತ ಜಗತ್ತು ಕಲಿತದ್ದು ಇಲ್ಲಿಂದ, ದೊಡ್ಡ ಉಪಕಾರ. ಅದರ ಬೆನ್ನಿಗೇ, ಹಾಗಾದರೆ ಊಟದ ಚಿಂತೆ ಯಾಕೆ ಅಂತ ಕೈಬಿಟ್ಟೆವಲ್ಲ, ಅದನ್ನು ನನಗೆ ಮರೆಯಲಿಕ್ಕಾಗುವುದಿಲ್ಲ.

ಛತ್ತೀಸಗಡದ ಒಂದು ಹಳ್ಳಿ ಆಸ್ಪತ್ರೆಗೆ ಬಂದ ಕ್ಷಯದವರನ್ನು ತಕ್ಕಡಿಗೆ ಹತ್ತಿಸಿದಾಗ ಅರ್ಧದಷ್ಟು ಹೆಂಗಸರು 34 ಕಿಲೋ ಆಸುಪಾಸಿನೊಳಗೇ ಇದ್ದರು. ನಮ್ಮ ಹೊಲದಲ್ಲಿ ಅದಕ್ಕಿಂತ ಭಾರದ ಗೊಬ್ಬರದ ಚೀಲ ಹೊರುತ್ತಾರೆ. ಅದನ್ನು ಕಂಡ ಡಾಕ್ಟರ್ ಅನುರಾಗ್ ಭಾರ್ಗವ ಮುಂದೆ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿಗೆ ಬಂದರು. 2019ರಿಂದ ಝಾರ್ಖಂಡಿನಲ್ಲಿ ರೋಗಿಗಳಿಗೆಲ್ಲ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜತೆಗೆ ಜೀವಸತ್ವದ ಗುಳಿಗೆ ಹಂಚಿಸಿದರು. ಮನೆಮಂದಿಗೂ ರೇಶನ್ ಕೊಟ್ಟ ಕಡೆ ಹೊಸದಾಗಿ ಕ್ಷಯ ತಗುಲುವುದು ಶೇಕಡಾ 39ರಷ್ಟು ಇಳಿಯಿತು. 2023ರಲ್ಲಿ ವರದಿ ಬಂತು. ಸರ್ಕಾರ 2018ರಿಂದ ಕ್ಷಯದವರ ಊಟಕ್ಕೆಂದು ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದೆ.

ಝಾರ್ಖಂಡಿನ ಆ ರೇಶನ್ ಬುಟ್ಟಿ ನಮ್ಮ ಊರಿಗೂ ಬಂದರೆ ಒಂದೇ ಬಿನ್ನಹ: ಅಕ್ಕಿಯ ಜಾಗದಲ್ಲಿ ಜೋಳ ಹಾಕಿರಪ್ಪಾ, ಮೇಲೆ ಒಂದು ಕಿಲೋ ಶೇಂಗಾ. ಹಿಂಡಿ ನಾವೇ ಕುಟ್ಟಿಕೊಳ್ಳುತ್ತೇವೆ.