ಮನೆಯಿಂದ ಆಸ್ಪತ್ರೆಯವರೆಗೆ: ಗ್ರಾಮೀಣ ತುರ್ತು ಸಾಗಣೆಯ ಪ್ರಶ್ನೆ

ಗ್ರಾಮೀಣ ಆರೋಗ್ಯದ ಚರ್ಚೆ ಬಹುಮಟ್ಟಿಗೆ ವೈದ್ಯರು, ಔಷಧಗಳು ಮತ್ತು ಹಾಸಿಗೆಗಳ ಸುತ್ತಲೇ ನಡೆಯುತ್ತದೆ. ರೋಗಿ ಸಾಗಿ ಬರುವ ದಾರಿಯೂ ಚಿಕಿತ್ಸೆಯದೇ ಅಂಗವೆಂಬ ಅರಿವು ಮೂಡಿದ್ದು ತಡವಾಗಿ. ತಾಯಂದಿರ ಮರಣವನ್ನು ಕುರಿತು ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಪ್ರಕಟಿಸಿದ ಪ್ರಬಂಧವು ಮೂರು ವಿಳಂಬಗಳನ್ನು ಗುರುತಿಸಿತು: ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವಲ್ಲಿ ಆಗುವ ವಿಳಂಬ, ಅಲ್ಲಿಗೆ ತಲುಪುವಲ್ಲಿ ಆಗುವ ವಿಳಂಬ, ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿ ಆಗುವ ವಿಳಂಬ. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ವಾಹನ ಸಿಗುವುದಿಲ್ಲವೆಂದು ಮೊದಲೇ ಬಲ್ಲ ಕುಟುಂಬ ಹೊರಡುವ ನಿರ್ಧಾರವನ್ನೇ ಮುಂದೂಡುತ್ತದೆ.

ಈ ಹೆಣಿಗೆಯನ್ನು ಬಿಡಿಸಲು ನಡೆದ ಯತ್ನಗಳಲ್ಲಿ ಜಾಂಬಿಯಾದ ಸೆರೆಂಜೆ ಜಿಲ್ಲೆಯದು ಗಮನಾರ್ಹ. 2017ರಲ್ಲಿ ಆರಂಭವಾದ ಅಲ್ಲಿನ ಯೋಜನೆಯಲ್ಲಿ, ತೀವ್ರ ಮಲೇರಿಯಾದ ಲಕ್ಷಣಗಳಿರುವ ಮಗುವಿಗೆ ಹಳ್ಳಿಯ ಆರೋಗ್ಯ ಸ್ವಯಂಸೇವಕರು ಆರ್ಟಿಸುನೇಟ್ ಎಂಬ ಔಷಧವನ್ನು ಗುದದ್ವಾರದ ಮೂಲಕ ನೀಡುತ್ತಿದ್ದರು. ಈ ಔಷಧ ರೋಗವನ್ನು ಪೂರ್ತಿಯಾಗಿ ಗುಣಪಡಿಸುವುದಿಲ್ಲ, ಚುಚ್ಚುಮದ್ದು ದೊರೆಯುವವರೆಗೆ ಸಮಯ ಒದಗಿಸುತ್ತದೆ. ಆದ್ದರಿಂದ ಮಗುವನ್ನು ಒಡನೆಯೇ ಸೈಕಲ್ ಆಂಬುಲೆನ್ಸ್‌ನಲ್ಲಿ, ಅಂದರೆ ಸೈಕಲ್ಲಿನ ಹಿಂಬದಿಗೆ ಜೋಡಿಸಿದ ಎರಡು ಚಕ್ರದ ಗಾಡಿಯಲ್ಲಿ ಮಲಗಿಸಿ, ಆರೋಗ್ಯ ಕೇಂದ್ರಕ್ಕೆ ಒಯ್ಯಲಾಗುತ್ತಿತ್ತು. ತುರ್ತು ಖರ್ಚಿಗೆ ಊರಿನ ಉಳಿತಾಯ ನಿಧಿಯಿತ್ತು. ತಾಯಿ ಹೊರಟಾಗ ಮನೆಯ ಉಳಿದ ಮಕ್ಕಳನ್ನು ನೋಡಿಕೊಳ್ಳಲು ನೆರೆಯ ಹೆಂಗಸರಿದ್ದರು. ಯೋಜನೆಯ ವರದಿಯ ಪ್ರಕಾರ, ತೀವ್ರ ಮಲೇರಿಯಾ ತಗುಲಿದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ. 8ರಿಂದ ಶೇ. 0.25ಕ್ಕೆ ಇಳಿಯಿತು.

ಇದೇ ಔಷಧವನ್ನು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ನೈಜೀರಿಯಾ ಮತ್ತು ಉಗಾಂಡಾಗಳಲ್ಲಿ ವ್ಯಾಪಕವಾಗಿ ವಿತರಿಸಿದಾಗ ಮಕ್ಕಳ ಉಳಿವಿನಲ್ಲಿ ನಿರೀಕ್ಷಿತ ಸುಧಾರಣೆ ಕಾಣಲಿಲ್ಲ. ಔಷಧ ಪಡೆದ ಅನೇಕ ಮಕ್ಕಳಿಗೆ ಮುಂದಿನ ಪೂರ್ಣ ಚಿಕಿತ್ಸೆ ದೊರೆಯಲೇ ಇಲ್ಲ. ಈ ಫಲಿತಾಂಶಗಳನ್ನು ಕಂಡ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಔಷಧದ ವಿಸ್ತರಣೆಗೆ ತಾತ್ಕಾಲಿಕ ತಡೆ ಸೂಚಿಸಿತು. ನಡುವಣ ಒಂದು ಕೊಂಡಿ ಸಡಿಲವಾದರೂ ಉತ್ತಮ ಔಷಧವೇ ನಿಷ್ಫಲವಾಗಬಲ್ಲದೆಂಬ ಎಚ್ಚರಿಕೆ ಇಲ್ಲಿದೆ.

ಹೊಸ ವಾಹನಗಳನ್ನು ಕೊಳ್ಳಲು ಹಣವಿಲ್ಲದಲ್ಲಿ ಇರುವ ವಾಹನಗಳನ್ನೇ ಬಳಸುವ ದಾರಿಯೂ ಉಂಟು. ಉತ್ತರ ನೈಜೀರಿಯಾದಲ್ಲಿ ಸಾರಿಗೆ ಕಾರ್ಮಿಕರ ಸಂಘದ ಬಾಡಿಗೆ ಕಾರು ಚಾಲಕರು ತರಬೇತಿ ಪಡೆದು, ಹೆರಿಗೆಯ ತೊಡಕಿಗೆ ಸಿಲುಕಿದ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸತೊಡಗಿದರು. ಹಾಗೆ ಮುಟ್ಟಿಸಿ ಮರಳಿದ ಚಾಲಕನಿಗೆ ನಿಲ್ದಾಣದ ಸರದಿಯಲ್ಲಿ ಮುಂದಿನ ಜಾಗ ಬಿಟ್ಟುಕೊಡಲಾಗುತ್ತದೆ. ಸರದಿಗಾಗಿ ಗಂಟೆಗಟ್ಟಲೆ ಕಾಯುವವನಿಗೆ ಅದು ದೊಡ್ಡ ಗಳಿಕೆ. ಸಹಾಯಕ್ಕೆ ಬಂದವನ ದಿನದ ದುಡಿಮೆ ಕೆಡದಂತೆ ನೋಡಿಕೊಂಡದ್ದೇ ಈ ಏರ್ಪಾಡಿನ ಬಲ.

ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆಯು ಅಸಂಖ್ಯ ಕುಟುಂಬಗಳಿಗೆ ಆಸರೆಯಾಗಿದೆ. ಆದರೂ ಮಲೆನಾಡಿನ ಒಂಟಿಮನೆಗಳಿಂದ ವಾಹನ ನಿಲ್ಲುವ ರಸ್ತೆಯವರೆಗೆ ರೋಗಿಯನ್ನು ಜೋಲಿಯಲ್ಲಿ ಹೊತ್ತು ತರುವ ಸುದ್ದಿಗಳು ಮಳೆಗಾಲದಲ್ಲಿ ಇಂದಿಗೂ ಬರುತ್ತವೆ. ಆ ಮೊದಲ ಹಾದಿಗೆ ಕಾಲುಸಂಕ, ಡೋಲಿ, ಸ್ಥಳೀಯ ಜೀಪು, ಆಶಾ ಕಾರ್ಯಕರ್ತೆಯರ ಮುನ್ಸೂಚನೆ ಇವೆಲ್ಲವನ್ನೂ ಊರೂರಿನ ಅಗತ್ಯಕ್ಕೆ ತಕ್ಕಂತೆ ಮಳೆಗೆ ಮೊದಲೇ ಜೋಡಿಸಿಡಬೇಕಾಗಿದೆ. ಕರೆ ಬಂದ ಗಳಿಗೆಯಿಂದಲ್ಲ, ನೋವು ಕಾಣಿಸಿಕೊಂಡ ಗಳಿಗೆಯಿಂದ ಚಿಕಿತ್ಸೆ ಆರಂಭವಾಗುವವರೆಗಿನ ಅವಧಿಯನ್ನು ಅಳೆದಾಗ ಮಾತ್ರ ತುರ್ತು ಸಾಗಣೆಯ ಯೋಜನೆಗಳು ತಮ್ಮ ನಿಜವಾದ ಕೊರತೆಯನ್ನು ಕಾಣಬಲ್ಲವು.