ಅಮ್ಮನ ಸ್ಕ್ಯಾನ್ ಮತ್ತು ಒಂದು ಪುಟ್ಟ ಕನ್ನಡಿ

ಅಹಮದಾಬಾದ್, ಸೂರತ್‌ಗಳಿಂದ ನಮ್ಮ ವಡೋದರಾಕ್ಕೆ ಬಂದಿರುವ ಸೋದರಿಯರಿಗೆ ವಿಶೇಷ ಸ್ವಾಗತ. ನಾನು ವೈದ್ಯೆಯಲ್ಲ. ಕಂಡದ್ದನ್ನೂ ಓದಿದ್ದನ್ನೂ ಹೇಳುತ್ತೇನೆ, ಅಷ್ಟೆ.

ಕಳೆದ ವರ್ಷ ಧಾರವಾಡದಿಂದ ಬಂದಿದ್ದ ಅಮ್ಮನಿಗೆ ಇಲ್ಲೇ ತಲೆಯ ಎಂಆರ್‌ಐ ಮಾಡಿಸಬೇಕಾಯಿತು. ಅವಳಿಗೆ ಗುಜರಾತಿ ಬಾರದು. ತಂತ್ರಜ್ಞ "ಹಲಶೋ ನಹೀಂ", ಅಂದರೆ ಅಲುಗಾಡಬೇಡಿ ಎಂದರೆ, ಇವಳು "ಹಲ್ಲು ತೋರ್ಸು ಅಂತಾನೇನ?" ಎಂದು ನನ್ನನ್ನು ಕೇಳಿದಳು. ನಗು ಅಲ್ಲಿಗೇ ಮುಗಿಯಿತು. ಕೊಳವೆಯೊಳಗೆ ಹೋದ ಎರಡೇ ನಿಮಿಷಕ್ಕೆ ಕೈಯಲ್ಲಿದ್ದ ರಬ್ಬರ್ ಬಲ್ಬ್ ಒತ್ತಿ ಹೊರಬಂದಳು. "ಪೆಟಗ್ಯಾಗ ಹಾಕಿ ಮುಚ್ಚಿಧಂಗಾತು ನೋಡವಾ" ಎಂದಳು. ಆ ದಿನ ಸ್ಕ್ಯಾನ್ ಆಗಲೇ ಇಲ್ಲ.

ಎರಡನೇ ಸಲ ಬೇರೊಬ್ಬ ಹುಡುಗಿ ಇದ್ದಳು. ತಲೆಗೆ ಹಾಕುವ ಪಂಜರದಂಥ ಕಾಯಿಲ್ ಮೇಲೆ ಓರೆಯಾಗಿ ಒಂದು ಪುಟ್ಟ ಕನ್ನಡಿ ಕೂರಿಸಿದಳು. ನನ್ನಿಂದಲೂ ತಾಳಿ, ಬಳೆ, ಹೇರ್‌ಪಿನ್ ಎಲ್ಲ ತೆಗೆಸಿ, ಕಿವಿ ಮುಚ್ಚಿಸಿ, ಅಮ್ಮನ ಕಾಲ ಕಡೆ ಕುಳ್ಳಿರಿಸಿದಳು. ಮೂಗಿನ ಮೇಲಿನ ಗೋಡೆಯ ಬದಲು ಅಮ್ಮನಿಗೆ ತನ್ನ ಪಾದ, ಕೋಣೆ, ನನ್ನ ಮುಖ ಕಾಣುತ್ತಿತ್ತು. ಯಂತ್ರ ಅದೇ, ಕಿವಿಗಡಚಿಕ್ಕುವ ಸದ್ದೂ ಅದೇ. 25 ನಿಮಿಷ ಅಲುಗಾಡದೆ ಮಲಗಿದ್ದಳು.

ಆಮೇಲೆ ನಾನು ಓದತೊಡಗಿದೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ಹೋಲಿಸಿ ಬರೆದರು. ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಗೆ ಮರಗಳು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರಿಗೆ ಪ್ರಬಲ ನೋವಿನ ಔಷಧಿ ಕಡಿಮೆ ಸಾಕಾಯಿತು, ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೂ ಹೋದರು. ಮುಂದೆ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಅವರು ಸುಟ್ಟಗಾಯದ ರೋಗಿಗಳಿಗೆ ಗಾಯದ ಆರೈಕೆಯ ಹೊತ್ತಿನಲ್ಲಿ ವಿಆರ್ ಕನ್ನಡಕ ಹಾಕಿಸಿದರು. ಒಳಗೆ ಹಿಮದ ಕಣಿವೆ; ಪೆಂಗ್ವಿನ್‌ಗಳ ಮೇಲೆ ಹಿಮದುಂಡೆ ಎಸೆಯುವ ಆಟ! ನೋವು ಕಡಿಮೆಯೆನಿಸಿತು ಎಂದರು ರೋಗಿಗಳು. ಔಷಧಿ ನಿಲ್ಲಿಸಿ ಅಲ್ಲ, ಅದರ ಜೊತೆಗೇ. ನೋವಿಗೂ ನಮ್ಮ ಗಮನ ಬೇಕಲ್ಲ, ಕಣ್ಣು ಅದನ್ನು ಬೇರೆ ಕಡೆ ಎಳೆದುಕೊಂಡು ಹೋಗುತ್ತದೆ.

ಎಲ್ಲರಿಗೂ ಒಂದೇ ಮದ್ದಲ್ಲ. ಸೂರತ್‌ನ ನನ್ನ ಗೆಳತಿ ತನ್ನ ಕೊಲೊನೋಸ್ಕೋಪಿಯನ್ನು ಪರದೆಯ ಮೇಲೆ ತಾನೇ ನೋಡುತ್ತಾ ನಿರಾಳವಾದಳು. ನನಗೋ ಸೂಜಿ ಕಂಡರೇ ತಲೆ ಸುತ್ತು. ಊರಿಂದ ಬರುವ ಅಮ್ಮ, ಅತ್ತೆಯರಿಗೆ ಇಲ್ಲಿ ನಾವೇ ದುಭಾಷಿಗಳು. ನೋಡ್ತೀರಾ, ಬೇಡವಾ ಎಂದು ಮೊದಲು ಅವರನ್ನೇ ಕೇಳಿ. ಆಮೇಲೆ ಕನ್ನಡಿ ಇದೆಯೇ, ಕಿಟಕಿ ಪಕ್ಕದ ಹಾಸಿಗೆ ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಸಂಕೋಚ ಬೇಡ.

ಮುಂದಿನ ತಿಂಗಳು ಅಮ್ಮನಿಗೆ ಅಹಮದಾಬಾದಿನಲ್ಲಿ ಇನ್ನೊಂದು ಸ್ಕ್ಯಾನ್ ಇದೆ. ಫೋನ್ ಮಾಡಿ ಕೇಳಿದ್ದೇನೆ. ಕನ್ನಡಿ ಇದೆಯಂತೆ.